ಪಳಗಿಸಿದ ಬಳೆ

ಸರಕಾರಿ ಬಳೆಯನ್ನು ಪಳಗಿಸುವ ಉಪಾಯ ಮೊಟ್ಟಮೊದಲು ಯಾರ ಮನೆಯಲ್ಲಿ ಹೊಳೆಯಿತು ಎಂದು ಈಗ ಕೇಳಿದರೆ ಮಗ್ಗದ ಓಣಿಯವರು ಮುಖ ತಿರುಗಿಸಿ ಒಳಗೆ ಹೋಗುತ್ತಾರೆ. ಆಗ ಹಾಗಿರಲಿಲ್ಲ. ಆಗ ಅದು ಜಾಣತನದ ಮಾತಾಗಿತ್ತು. ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಹೆಂಗಸರು, ಚಹಾದಂಗಡಿಯ ಬಾಕಿನ ಮೇಲೆ ಕೂತ ಗಂಡಸರು, "ಏನಪಾ, ನಿಮ್ಮ ಮನಿಯಾಂದು ಪಳಗಿತೇನು?" ಎಂದು ಎತ್ತಿನ ಸುದ್ದಿ ಕೇಳಿದಂತೆ ಕೇಳಿ ನಗುತ್ತಿದ್ದರು.

ಬಳೆ ಎಂದರೆ ಗಾಜಿನದಲ್ಲ. ಬೆರಳಗಲದ ಬೂದು ಪಟ್ಟಿ. ಒಳಗಡೆ, ಮಣಿಕಟ್ಟಿಗೆ ತಾಗುವಲ್ಲಿ, ಎಳ್ಳುಕಾಳಿನಷ್ಟು ಎರಡು ಲೋಹದ ಚುಕ್ಕಿ. ಆ ಚುಕ್ಕಿಗಳು ನಾಡಿ ನೋಡುತ್ತಿದ್ದವು, ಬೆವರು ನೋಡುತ್ತಿದ್ದವು, ಕೈ ನಡುಗುವುದನ್ನು ನೋಡುತ್ತಿದ್ದವು. ಹಾಕಿಕೊಂಡವಳು ಅಂಜಿದಳೆಂದರೆ ಅವಳು ಬಾಯಿ ಬಿಡುವ ಮೊದಲೇ ಬಳೆ ಕೂಗಿಕೊಳ್ಳುತ್ತಿತ್ತು. ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಅವಳ ಹೆಸರಿನ ದೀಪ ಕೆಂಪಾಗುತ್ತಿತ್ತು. ಕೆಂಪಾದ ಕೂಡಲೇ ಹದ್ದು ಏಳುತ್ತಿತ್ತು. ಹದ್ದು ಎಂದರೆ ಚಾಲಕನಿಲ್ಲದ, ನಾಲ್ಕು ರೆಕ್ಕೆಯ ಹಾರುವ ಗಾಡಿ. ಒಳಗೆ ಇಬ್ಬರು ಮಹಿಳಾ ಪೊಲೀಸರು. ಎಲ್ಲಿ ಬಳೆ ಕೂಗುತ್ತದೋ ಅಲ್ಲಿಗೆ ತಾನೇ ಹಾರಿ, ತಾನೇ ಇಳಿಯುತ್ತಿತ್ತು.

ನಾಗರಕಟ್ಟಿಯ ಸೀಮೆಯಲ್ಲಿ ಹೊಳೆಯ ಎರಡು ದಂಡೆಯವರು ನೀರಿಗಾಗಿ ಬಡಿದಾಡತೊಡಗಿ ಒಂದು ತಲೆಮಾರು ಕಳೆದಿತ್ತು. ಕಾಲುವೆಯ ಗೇಟು ಯಾರು ತೆಗೆಯಬೇಕು, ಯಾರು ಮುಚ್ಚಬೇಕು ಎಂಬಲ್ಲಿ ಹುಟ್ಟಿದ ಜಗಳ ಕತ್ತಿ ಬಂದೂಕಿನವರೆಗೆ ಬೆಳೆದಿತ್ತು. ಪ್ರತಿ ಸಲ ಗಂಡಸರು ನೀರಿನ ಹೆಸರು ಹೇಳಿಕೊಂಡು ಹೊರಡುತ್ತಿದ್ದರು. ಪ್ರತಿ ಸಲ ಸೇಡು ತೀರುತ್ತಿದ್ದದ್ದು ಹೆಂಗಸರ ಮೈಮೇಲೆ. ಆ ಹೆಂಗಸರಿಗೂ ನೀರಿಗೂ ಏನು ಸಂಬಂಧ? ಕೊಡ ಹೊತ್ತದ್ದಷ್ಟೆ ಸಂಬಂಧ. ಕೊನೆಗೆ ದೊಡ್ಡ ಸುದ್ದಿಯಾಗಿ, ದೂರದ ದೇಶದವರೆಲ್ಲ ಛೀ ಅಂದಮೇಲೆ, ಸರಕಾರ ಸಮಾನ ರಕ್ಷಣಾ ಕಾಯ್ದೆ ತಂದಿತು. ಗಲಭೆಯ ಸೀಮೆಯಲ್ಲಿ ಮಂತ್ರಿಯ ಮಗಳಿಗೂ ಗಟಾರು ಬಳಿಯುವವಳಿಗೂ ಒಂದೇ ಬಳೆ, ಒಂದೇ ಹದ್ದು. ಬಳೆ ಕರೆದೂ ಹದ್ದು ಬರಲಿಲ್ಲವೆಂದರೆ ಸರಕಾರವೇ ಕಟಕಟೆಯಲ್ಲಿ ನಿಲ್ಲಬೇಕು. ಇಂಥ ಕಾಯ್ದೆ ಜಗತ್ತಿನಲ್ಲೇ ಇಲ್ಲ ಎಂದು ಭಾಷಣ ಮಾಡಿದರು. ಆ ಮಾತೇನೂ ಸುಳ್ಳಲ್ಲ.

ಆದರೆ ಎಲ್ಲರ ಎದೆಯೂ ಒಂದೇ ತೆರನಾಗಿ ಬಡಿಯುವುದಿಲ್ಲವಲ್ಲ. ಒಬ್ಬಳ ನಾಡಿ ಹುಟ್ಟಾ ಜೋರು, ಇನ್ನೊಬ್ಬಳದು ನಿಧಾನ. ಎಲ್ಲರನ್ನೂ ಒಂದೇ ಅಳತೆಯಲ್ಲಿ ತೂಗಿದರೆ ಅದೇ ಅಸಮಾನತೆ ಎಂದರು ವಿಜ್ಞಾನಿಗಳು. ಹಾಗಾಗಿ ಬಳೆಗೆ ಒಂದು ಬುದ್ಧಿ ಕೊಟ್ಟಿದ್ದರು: ಹಾಕಿಕೊಂಡ ಮೊದಲ ತಿಂಗಳು ಅದು ಸುಮ್ಮನೆ ಕಲಿಯಬೇಕು. ಇವಳ ಸಾದಾ ದಿನ ಎಂದರೆ ಹೇಗಿರುತ್ತದೆ, ಇವಳ ಎದೆ ದಿನವೂ ಎಷ್ಟು ಬಡಿಯುತ್ತದೆ ಎಂದು. ಆಮೇಲೆ ಆ ಸಾದಾವನ್ನು ಮೀರಿದರೆ ಮಾತ್ರ ಕೂಗಬೇಕು. ಆ ಬುದ್ಧಿ ಕೊಟ್ಟವರಿಗೆ ಇನ್ನೊಂದು ಹೆಜ್ಜೆ ಮುಂದಿನ ಯೋಚನೆ ಬರಲಿಲ್ಲ. ದಿನವೂ ಅಂಜಿಕೊಂಡೇ ಬದುಕುವವಳ ಸಾದಾ ದಿನ ಯಾವುದು ಎಂದು ಯಾರೂ ಕೇಳಲಿಲ್ಲ.

ಮೊದಮೊದಲು ಓಣಿಯ ಹೆಂಗಸರಿಗೆ ಹಬ್ಬವೇ ಆಯಿತು. ಬಳೆಗೆ ಬೀದಿಯ ಅಂಜಿಕೆ, ಮನೆಯೊಳಗಿನ ಅಂಜಿಕೆ ಎಂಬ ಭೇದವಿರಲಿಲ್ಲ. ಕುಡಿದು ಬಂದವನು ಕೈ ಎತ್ತಿದರೆ ಮಾಳಿಗೆಯ ಮೇಲೆ ಹದ್ದು. ಎತ್ತಿದ ಕೈ ಹಾಗೇ ನಿಲ್ಲುತ್ತಿತ್ತು. ಆದರೆ ಕರೆಗಳು ಹೆಚ್ಚಾದವು, ಮೇಲಿನವರಿಗೆ ತಲೆನೋವಾಯಿತು. ಆಗ ಒಂದು ಸುತ್ತೋಲೆ ಬಂತು: ಪದೇ ಪದೇ ಬಳೆ ಕೂಗುವ ಮನೆಯ ಮಗ್ಗಕ್ಕೆ ಕರೆಂಟಿನ ರಿಯಾಯಿತಿ ಇಲ್ಲ. ಮುಗಿಯಿತಲ್ಲ! ಹೊಡೆದವನಿಗಲ್ಲ, ಇಡೀ ಮನೆಗೆ ಶಿಕ್ಷೆ. ಅಲ್ಲಿಂದ ಅತ್ತೆಯಂದಿರು ಸೊಸೆಯರ ಕೈ ಹಿಡಿದುಕೊಂಡು, "ಅಂಜಬ್ಯಾಡ್ರೆವ್ವಾ, ನಿಮ್ಮ ಕಾಲ ಬೀಳ್ತೀವಿ, ಅಂಜಬ್ಯಾಡ್ರಿ" ಎನ್ನತೊಡಗಿದರು. ಅಷ್ಟರಲ್ಲಿ ಹಳೆಯ ಬಳೆಗಳನ್ನು ತೆಗೆದು ಹೊಸ ಮಾದರಿಯವನ್ನು ಹಂಚಿದರು. ಮತ್ತೆ ಒಂದು ತಿಂಗಳ ಕಲಿಕೆ. ಯಾವನೋ ಪುಣ್ಯಾತ್ಮನಿಗೆ ಹೊಳೆದದ್ದು ಆಗಲೇ. ಕಲಿಯುವ ತಿಂಗಳಲ್ಲೇ ಅವಳನ್ನು ದಿನವೂ ಅಂಜಿಸಿಬಿಟ್ಟರೆ? ಬಳೆ ಅದನ್ನೇ ಸಾದಾ ಅಂದುಕೊಳ್ಳುತ್ತದೆ. ಮುಂದೆ ಕೂಗುವ ಗೋಜಿಲ್ಲ.

ಕೆಲವು ಮನೆಯಲ್ಲಿ ಹೊಡೆದು ಪಳಗಿಸಿದರು. ಕೆಲವು ಮನೆಯಲ್ಲಿ ಬರೀ ಬೆಲ್ಟು ಬಿಚ್ಚಿ ತೋರಿಸಿದರು. ತಿಪ್ಪವ್ವನ ಮನೆಯಲ್ಲಿ ಹೊಡೆಯುವ ಪದ್ಧತಿ ಇರಲಿಲ್ಲ. ಅಲ್ಲಿ ನೂಲಿನ ಖೋಲಿಯಿತ್ತು.

*

ತಿಪ್ಪವ್ವನ ಮಗಳು ಕಸ್ತೂರಿ ಕಂಟ್ರೋಲ್ ರೂಮಿನಲ್ಲಿ ನೌಕರಿಗಿದ್ದಳು. ದೀಪಗಳ ಗೋಡೆಯ ಮುಂದೆ ಕೂತು ಯಾವ ಓಣಿಯಲ್ಲಿ ಏನಾಗುತ್ತಿದೆ ಎಂದು ನೋಡುವ ಕೆಲಸ. ಅವಳ ಅಣ್ಣ ಸಂಗಪ್ಪ ನೇಯ್ದ ಸೀರೆಗಳನ್ನು ಊರೂರಿಗೆ ಒಯ್ದು ಮಾರುತ್ತಿದ್ದ. ಸಂಗಪ್ಪನ ಹೆಂಡತಿ, ಕಸ್ತೂರಿಯ ವೈನಿ, ಸಾವಂತ್ರಿ.

ಸಾವಂತ್ರಿ ನಗುವವಳು. ಮಗ್ಗದ ಸದ್ದಿನ ಮೇಲೆ ಕೇಳಿಸುವಂತೆ ನಗುವವಳು. ಹುಡುಗಿಯಾಗಿದ್ದಾಗ ತವರಿನ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಜೋಳದ ಕಣಜದಲ್ಲಿ, ಬಿದ್ದು ಒಂದಿಡೀ ಹಗಲು ಒಳಗೇ ಇದ್ದವಳು. ಅಂದಿನಿಂದ ಮುಚ್ಚಿದ ಕತ್ತಲೆ ಎಂದರೆ ಅವಳ ಉಸಿರೇ ಕಟ್ಟುತ್ತಿತ್ತು. ಅದನ್ನೂ ನಗುತ್ತಲೇ ಹೇಳುತ್ತಿದ್ದಳು. "ನನ್ನ ಸಾವು ಬಂದ್ರ ಬೆಳಕಿನ್ಯಾಗ ಬರ್ಬೇಕು ನೋಡ ಕಸ್ತೂರಿ. ಯಮ ಕಂದೀಲು ಹಿಡಕೊಂಡು ಬಂದ್ರನs ನಾ ಎದ್ದು ಹೊಂಟೇನಿ, ಇಲ್ಲಾಂದ್ರ ಹೋಗಿ ತೊಗೊಂಡು ಬಾ ಅಂತೇನಿ."

ಹೊಸ ಬಳೆ ಬಂದ ದಿನ ತಿಪ್ಪವ್ವ ತನ್ನ ಪಾಲಿನದನ್ನು ಗೂಟಕ್ಕೆ ನೇತುಹಾಕಿಬಿಟ್ಟಳು.

"ಹಾಕ್ಕೋಬೇ ಯವ್ವಾ, ಕಾಯ್ದೆ ಐತಿ" ಎಂದಳು ಕಸ್ತೂರಿ.

"ನಿಮ್ಮಪ್ಪ ಸತ್ತ ದಿನ ಬಳಿ ಒಡೆದಾವ. ಒಡೆದಾವು ಒಡೆದಾವು. ಈಗ ಸರಕಾರ ಬಂದು ಹಾಕ್ಕೋ ಅಂದ್ರ ಹಾಕ್ಕೋಬೇಕೇನು? ಸರಕಾರೇನ್ ನನ್ನ ಗಂಡನೇನು?"

ಸಾವಂತ್ರಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಅತ್ತೀ, ಗಂಡನಕಿಂತ ಚಲೋ ಐತಿ ಬಿಡ್ರಿ. ಕರದ್ರ ಬರತೈತಿ."

ಮರುದಿನದಿಂದ ಸಂಜೆ ದೀಪ ಹಚ್ಚುವ ಹೊತ್ತಿಗೆ ತಿಪ್ಪವ್ವ ಸೊಸೆಯನ್ನು ನೂಲಿನ ಖೋಲಿಗೆ ಕಳಿಸಿ ಹೊರಗಿನಿಂದ ಚಿಲಕ ಹಾಕತೊಡಗಿದಳು. ಕಿಟಕಿಯಿಲ್ಲದ ಖೋಲಿ, ನೂಲಿಗೆ ಬಿಸಿಲು ತಾಗಬಾರದೆಂದು ಹಾಗೆ ಕಟ್ಟಿದ್ದು. ಒಂದು ತಾಸು. ಮೊದಲ ದಿನ ಸಾವಂತ್ರಿ ಬಾಗಿಲು ಬಡಿದಳು. "ಅತ್ತೀ, ಸಾಕ್ರಿ. ಅತ್ತೀ, ನನಗ ಉಸರ ಬರವಲ್ದು" ಎಂದು ಕೂಗಿದಳು. ತಿಪ್ಪವ್ವ ಹೊಸ್ತಿಲ ಮೇಲೆ ಕೂತು ಬತ್ತಿ ಹೊಸೆಯುತ್ತ, "ಇನ್ನೊಂಚೂರು ತಡಿಯವ್ವಾ. ನಿನ್ನ ಒಳ್ಳೇದಕ್ಕ ಮಾಡಾಕತ್ತೇನಿ. ಮಗ್ಗ ನಿಂತ್ರ ಮನೀನೂ ನಿಂತ ಹೊಕ್ಕೈತಿ" ಎನ್ನುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೆರಿಗೆಗೆ ಕೂತವಳನ್ನು ಸಮಾಧಾನ ಮಾಡುವ ದನಿ ಅದು.

ಕಸ್ತೂರಿ ಒಮ್ಮೆ ಹೇಳಿದಳು. "ಬ್ಯಾಡಬೇ ಯವ್ವಾ, ಪಾಪ ಅದಾಳ."

"ನೀ ದೀಪ ನೋಡಾಕಿ. ನಮ್ಮ ಮನಿ ದೀಪನs ಕೆಂಪಾದ್ರ ನಿನಗ ಚಂದ ಕಾಣತೈತೇನು?"

ಕಸ್ತೂರಿ ಹೇಳುವುದನ್ನು ಬಿಟ್ಟಳು. ತಿಂಗಳ ಕೊನೆಗೆ ಸಾವಂತ್ರಿಯೂ ಬಾಗಿಲು ಬಡಿಯುವುದನ್ನು ಬಿಟ್ಟಳು. ಚಿಲಕ ತೆಗೆದಾಗ ಸೀರೆಯೆಲ್ಲ ಬೆವರಿನಲ್ಲಿ ತೊಯ್ದು, ತುಟಿ ಬಿಳಿಚಿಕೊಂಡು ಹೊರಬರುತ್ತಿದ್ದಳು. ನಗಲು ನೋಡುತ್ತಿದ್ದಳು. "ಪಳಗೀತ್ರಿ ಅತ್ತೀ. ಬಳೀನೂ ಪಳಗೀತು, ನಾನೂ ಪಳಗಿದ್ನಿ." ಬಳೆಯ ಮೇಲಿನ ಸಣ್ಣ ದೀಪ ಹಸಿರಾಗಿ ತಣ್ಣಗೆ ಉರಿಯುತ್ತಿತ್ತು.

*

ಕಂಟ್ರೋಲ್ ರೂಮು ಊರ ಹೊರಗೆ, ಹೊಸ ಸೇತುವೆಯ ಆಚೆ ಗುಡ್ಡದ ಮೇಲಿತ್ತು. ಅಲ್ಲಿಯ ಗೋಡೆಯ ಮೇಲೆ ಮಗ್ಗದ ಓಣಿ ಬೆಳೆ ಬಂದ ಹೊಲದಂತೆ ಹಸಿರಾಗಿ ಕಾಣತೊಡಗಿದಾಗ ಎಲ್ಲರಿಗೂ ಖುಷಿಯಾಯಿತು. ಬೆಂಗಳೂರಿನಿಂದ ಯಾರೋ ಬಂದು ಓಣಿಯ ಬಾಯಲ್ಲಿ "ಶಾಂತ ಓಣಿ" ಎಂದು ಫಲಕ ನೆಟ್ಟು, ಫೋಟೋ ತೆಗೆಸಿಕೊಂಡು ಹೋದರು. ಫೋಟೋದಲ್ಲಿ ಸಾವಂತ್ರಿಯೂ ಇದ್ದಳು, ಆರತಿ ತಟ್ಟೆ ಹಿಡಿದುಕೊಂಡು.

ರೂಮಿನ ಮುಖ್ಯಸ್ಥೆ ಮೃಣಾಲಿನಿ ಮೇಡಂ. ಕಾಯ್ದೆಯ ಕರಡು ಬರೆದವರಲ್ಲಿ ಒಬ್ಬಳಾಗಿದ್ದವಳು. ಆ ಕಾಯ್ದೆಯನ್ನು ಹೆತ್ತ ಮಗುವಿನಂತೆ ನೋಡಿಕೊಂಡವಳು. ಫಲಕ ನೆಟ್ಟ ದಿನ ಮಾತ್ರ ಚಹಾ ಕುಡಿಯುತ್ತ ಗೋಡೆಯ ಆ ಮೂಲೆಯನ್ನೇ ನೋಡುತ್ತಿದ್ದಳು. "ಕಸ್ತೂರಿ, ಇಷ್ಟೊಂದು ನೆಮ್ಮದಿ ಎಲ್ಲಾದ್ರೂ ನೋಡಿದೀಯಾ?" ಎಂದಳು. ಇಬ್ಬರೂ ಚಹಾ ಕುಡಿದರು.

ಮಳೆ ಕೈಕೊಟ್ಟ ಆ ವರ್ಷ ಕಾಲುವೆಯ ಗೇಟನ್ನು ಯಾರೋ ಮದ್ದಿಟ್ಟು ಹಾರಿಸಿದರು. ಆಚೆ ದಂಡೆಯವರೇ ಮಾಡಿದ್ದು ಎಂದಾಯಿತು. ಮಗ್ಗದ ಓಣಿಯವರ ಅಜ್ಜ ಮುತ್ತಜ್ಜಂದಿರು ಯಾವಾಗಲೋ ಆಚೆ ದಂಡೆಯಿಂದ ಬಂದವರು. ಮೂರು ತಲೆಮಾರು ಈಚೆ ದಂಡೆಯ ನೀರು ಕುಡಿದಿದ್ದರು. ಅದು ಯಾರಿಗೂ ನೆನಪಾಗಲಿಲ್ಲ. ಆಚೆಯಿಂದ ಬಂದದ್ದು ಮಾತ್ರ ನೆನಪಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಗೋಡೆಯ ಮೇಲೆ ಮೊದಲ ಕೆಂಪು ಕಾಣಿಸಿತು. ನೋಡನೋಡುತ್ತ ಎಣಿಸಲಾರದಷ್ಟು. ಎಲ್ಲವೂ ಅಧಿಕಾರಿಗಳ ವಸಾಹತಿನಲ್ಲಿ, ಬಂಗಲೆಗಳ ಸಾಲಿನಲ್ಲಿ. ದೂರದಲ್ಲಿ ಕೂಗಾಟ ಕೇಳಿತ್ತು, ಹೊಗೆ ಕಂಡಿತ್ತು. ಆ ಹೆಂಗಸರ ಎದೆ ಅಂಥದ್ದನ್ನು ಕೇಳಿದ್ದೇ ಇಲ್ಲ, ಬಡಿದುಕೊಂಡಿತು. ತಪ್ಪಲ್ಲ. ಅಂಜಿದವರು ಅಂಜಿದ್ದು ನಿಜ. ಹದ್ದುಗಳು ಒಂದರ ಹಿಂದೊಂದು ಎದ್ದು ಅತ್ತ ಹಾರಿದವು.

ಗುಂಪು ಮಾತ್ರ ಅತ್ತ ಹೋಗಿರಲಿಲ್ಲ. ಗುಂಪು ಮಗ್ಗದ ಓಣಿಯ ಬಾಯಲ್ಲಿತ್ತು, "ಶಾಂತ ಓಣಿ" ಎಂಬ ಫಲಕದ ಕೆಳಗೆ.

ಕಸ್ತೂರಿಯ ಫೋನು ರಿಂಗಾಯಿತು. ಅವ್ವ.

"ಕಸ್ತೂರಿ, ಬಂದಾರ. ಓಣಿ ತುಂಬ ಬಂದಾರ. ಸಾವಂತ್ರಿನ್ನ ನೂಲಿನ ಖೋಲ್ಯಾಗ ಕೂಡಿಸೇನಿ. ಹೊರಗಿನಿಂದ ಚಿಲಕ ಹಾಕಿ ಮುಂದ ಮಲಗೂ ಹೊರಸು ನಿಲ್ಲಿಸೇನಿ. ಬಾಗಲಾ ಐತಂತನೂ ಗೊತ್ತಾಗೂದಿಲ್ಲ. ನಿಮ್ಮ ಹದ್ದು ಎಲ್ಲಿ ಬಂದಾವ? ಹೊಂಟಾವಲ್ಲ?"

ಹಿಂದಿನಿಂದ, ಗೋಡೆಯಾಚೆಯಿಂದೆಂಬಂತೆ ಸಾವಂತ್ರಿಯ ದನಿ: "ಅತ್ತೀ, ಬೆಳಕಿಗೆ ಒಂದು ಬ್ಯಾಟ್ರಿಯರ ಕೊಡ್ರಿ... ಬ್ಯಾಟ್ರಿ..."

"ಹೊಂಟಾವಬೇ ಯವ್ವಾ" ಎಂದಳು ಕಸ್ತೂರಿ. ಅಷ್ಟಕ್ಕೆ ಫೋನು ಸತ್ತಿತು. ವದಂತಿ ಹಬ್ಬಬಾರದೆಂದು ಸರಕಾರ ಇಡೀ ತಾಲ್ಲೂಕಿನ ಫೋನು ನಿಲ್ಲಿಸಿತ್ತು.

ಅವಳು ಗೋಡೆಯ ಕಡೆ ನೋಡಿದಳು. ಮಗ್ಗದ ಓಣಿ ಹಸಿರಾಗಿತ್ತು. ಒಂದೊಂದು ದೀಪವನ್ನೂ ನೋಡಿದಳು. ಪಕ್ಕದ ಮನೆಯ ಭೀಮವ್ವ ಹಸಿರು. ಮೂಲೆಮನೆಯ ಬಾಣಂತಿ ರೇಣವ್ವ ಹಸಿರು. ಸಾವಂತ್ರಿ ಹಸಿರು. ಗುಡಿಯ ನಂದಾದೀಪದಂತೆ ಒಂದಿಷ್ಟೂ ಅಲುಗದ ಹಸಿರು.

"ಮೇಡಂ, ಮಗ್ಗದ ಓಣಿಗೆ ಒಂದು ಹದ್ದು ಕಳಸ್ರಿ."

"ಅಲ್ಲಿ ಕೆಂಪು ಎಲ್ಲಿದೆ?"

"ಅಲ್ಲಿ ಕೆಂಪು ಆಗೂದಿಲ್ರಿ. ಕಡೀತನಾ ಆಗೂದಿಲ್ಲ. ಪಳಗಿಸ್ಯಾರ್ರಿ ಅವನ್ನ. ಕಲಿಯೂ ತಿಂಗಳದಾಗ ದಿನಾ ಅಂಜಿಸಿ, ಹೊಡೆದು, ಕತ್ತಲ್ಯಾಗ ಕೂಡಿಸಿ... ನಮ್ಮ ಮನ್ಯಾಗೂ ಮಾಡ್ಯಾರ್ರಿ."

ಮೃಣಾಲಿನಿ ಮೇಡಂ ಕುರ್ಚಿಯ ಹಿಡಿ ಹಿಡಿದುಕೊಂಡು ನಿಧಾನವಾಗಿ ಕೂತಳು. "ನನಗೆ ಗೊತ್ತು" ಎಂದಳು.

"ಏನ್ರಿ?"

"ಆ ಓಣಿಯ ಹೊಸ ಬಳೆಗಳ ಮೊದಲ ತಿಂಗಳ ನಾಡಿ ಗೆರೆಗಳನ್ನ ನೋಡಿದ್ದೆ. ಒಂದೊಂದೂ ಸಂಜೆ ಹೊತ್ತಿಗೆ ಗುಡ್ಡದ ಹಾಗೆ ಏಳ್ತಿತ್ತು. ಇದು ನೆಮ್ಮದಿ ಅಲ್ಲ ಅಂತ ಮೇಲಕ್ಕೆ ಬರೆದೆ. ಕರೆ ಕಡಿಮೆ ಆಗಿದೆಯಲ್ಲ, ಇನ್ನೇನು ಬೇಕು ನಿಮಗೆ ಅಂದ್ರು. ಮತ್ತೆ ಬರೆಯೋಣ ಅಂದ್ಕೊಂಡೆ."

"ಈಗರ ಕಳಸ್ರಿ! ನೀವು ಹೇಳಿದ್ರ ಹೊಕ್ಕಾವಲ್ರಿ?"

"ಹದ್ದು ನನ್ನ ಮಾತು ಕೇಳೋದಿಲ್ಲ ಕಸ್ತೂರಿ. ಯಾರ ಮಾತನ್ನೂ ಕೇಳಬಾರದು ಅಂತ ನಾವೇ ಮಾಡಿಟ್ಟದ್ದು. ಮನುಷ್ಯರ ಮಾತು ಕೇಳಿದ್ರೆ ನಾಳೆ ಮಂತ್ರಿ ಹೇಳಿದ ಕಡೆ ಹಾರ್ತವೆ, ಬಡವರ ಓಣಿಗೆ ಬರೋದೇ ಇಲ್ಲ ಅಂತ ನಾನೇ ಹಟ ಹಿಡಿದಿದ್ದೆ. ಬಳೆ ಕರೆದ್ರೆ ಮಾತ್ರ ಹೋಗಬೇಕು. ಎಲ್ಲರಿಗೂ ಒಂದೇ."

ವೈರ್‌ಲೆಸ್ಸಿನಲ್ಲಿ ಮೇಡಂ ಠಾಣೆಯನ್ನು ಕರೆದಳು. ಇರುವ ಪೊಲೀಸರೆಲ್ಲ ಕೆಂಪು ಇರುವ ಕಡೆ ಹೋಗಿದ್ದಾರೆ, ಹಸಿರು ಓಣಿಗೆ ಕಳಿಸಲು ಆದೇಶವಿಲ್ಲ ಎಂದರು. ಮೇಡಂ ಕೂಗಾಡಿದಳು, ಕಾಲಿಗೆ ಬೀಳುತ್ತೇನೆ ಎಂದಳು. ಆ ಕಡೆಯವನು, "ಬರವಣಿಗೆಯಲ್ಲಿ ಕೊಡ್ರಿ ಮೇಡಂ" ಎಂದ.

ಕಸ್ತೂರಿ ತನ್ನ ಮಣಿಕಟ್ಟು ನೋಡಿಕೊಂಡಳು. ಅವಳದು ನೌಕರರ ಬಳೆ. ತರಬೇತಿಗೆ ಹೋದಾಗ ಹಾಸ್ಟೆಲಿನಲ್ಲಿ ಹಾಕಿಕೊಂಡದ್ದು. ಅಲ್ಲಿ ಗೆಳತಿಯರಿದ್ದರು, ಮುಂಜಾನೆ ಅವಲಕ್ಕಿ, ಸಂಜೆ ವಾಲಿಬಾಲ್. ಅವಳ ಬಳೆ ಕಲಿತದ್ದು ಅದನ್ನು. ಅದು ಪಳಗಿದ ಬಳೆಯಲ್ಲ. ಅಂಜಿದರೆ ಕೂಗುತ್ತದೆ. ಅದು ಎಲ್ಲಿ ಕೂಗಿದರೆ ಹದ್ದು ಅಲ್ಲಿಗೆ ಬರಲೇಬೇಕು.

ನೂಲಿನ ಖೋಲಿಯ ಮುಂದೆ ನಿಂತು ಅಂಜಿದರಾಯಿತು.

"ಮೇಡಂ, ಸ್ಕೂಟಿ ಕೀಲಿ ಕೊಡ್ರಿ."

ಮೇಡಂ ಅವಳ ಕೈ ನೋಡಿದಳು, ಮುಖ ನೋಡಿದಳು. ಕೇಳದೆ ಕೀಲಿ ಕೊಟ್ಟಳು.

*

ಗುಡ್ಡ ಇಳಿದು ಹೊಸ ಸೇತುವೆಗೆ ಬರುವಾಗ ಕಸ್ತೂರಿ ದಾರಿಯುದ್ದಕ್ಕೂ ತನ್ನ ಎದೆಯೊಂದಿಗೆ ಮಾತಾಡುತ್ತಿದ್ದಳು. ಈಗ ಬ್ಯಾಡ. ಈಗ ಅಂಜಬ್ಯಾಡ. ಓಣಿ ಮುಟ್ಟಲಿ. ಹಾಸ್ಟೆಲಿನ ಅವಲಕ್ಕಿ ನೆನೆದಳು. ವಾಲಿಬಾಲ್ ನೆನೆದಳು. ಅತ್ತೆಯಂದಿರು ಸೊಸೆಯರ ಕೈ ಹಿಡಿದುಕೊಂಡು ಹೇಳಿದ್ದ ಮಾತನ್ನೇ ತಾನು ತನಗೆ ಹೇಳಿಕೊಳ್ಳುತ್ತಿದ್ದೇನೆ ಎಂದು ಆ ಗಡಿಬಿಡಿಯಲ್ಲೂ ಹೊಳೆಯಿತು.

ಸೇತುವೆಯ ನಡುವೆ ಬೈಕುಗಳನ್ನು ಅಡ್ಡ ನಿಲ್ಲಿಸಿ ಹತ್ತಾರು ಮಂದಿ ನಿಂತಿದ್ದರು. ಮುಖಕ್ಕೆ ಟವೆಲ್ಲು. ಒಬ್ಬನ ಕೈಯಲ್ಲಿ ಸೈಕಲ್ ಚೈನು.

"ಯಾವ ದಂಡಿಯಾಕಿ ಬೇ ನೀನು?" ಎಂದ.

ಕಸ್ತೂರಿ ಅವನ ಕಣ್ಣು ನೋಡಿದಳು. ಎದೆ ಅವಳ ಮಾತು ಕೇಳಲಿಲ್ಲ. ಬಳೆ ಕಿರುಚಿತು.

ಹದ್ದು ಬಂತು. ಕಾಯ್ದೆಯಲ್ಲಿ ಹೇಳಿದ ಹೊತ್ತಿಗಿಂತಲೂ ಮೊದಲೇ ಬಂತು. ಅದರ ಗಾಳಿಗೆ ಟವೆಲ್ಲುಗಳು ಹಾರಿದವು, ಆ ಗಂಡಸರು ಬೈಕು ಬಿಟ್ಟು ಓಡಿದರು. ಒಬ್ಬನ ಮುಖ ಕಂಡಿತು. ಇನ್ನೂ ಮೀಸೆ ಬಲಿಯದವನು. ಇಬ್ಬರು ಪೊಲೀಸ್ ಹೆಣ್ಣುಮಕ್ಕಳು ಹಾರಿ ಇಳಿದು ಅವಳನ್ನು ನಡುವೆ ಹಿಡಿದುಕೊಂಡರು, ಕಂಬಳಿ ಹೊದಿಸಿದರು, ಅಕ್ಕಾ ಅಂಜಬ್ಯಾಡ್ರಿ ಎಂದರು. ಎಲ್ಲವೂ ಹೇಗೆ ಆಗಬೇಕಿತ್ತೋ ಹಾಗೆಯೇ ಆಯಿತು.

"ನನ್ನ ಬಿಡ್ರಿ! ಮಗ್ಗದ ಓಣಿಗೆ ನಡೀರಿ. ಖೋಲ್ಯಾಗ ನಮ್ಮ ವೈನಿ ಅದಾಳ, ಹೊರಗಿನ ಚಿಲಕ ಹಾಕೇತಿ!"

ಅವರಲ್ಲಿ ಒಬ್ಬಳು ಹದ್ದಿನೊಳಗಿನ ನಕ್ಷೆ ನೋಡಿದಳು. "ಅಲ್ಲೆಲ್ಲಾ ಹಸರ ಐತ್ರಿ ಅಕ್ಕಾ. ಏನೂ ಆಗಿಲ್ಲ."

"ಆಗೇತಿ!"

"ನಮ್ಮ ಕೈಯಾಗ ಇಲ್ರಿ. ಕರದಾಕಿನ್ನ ಕರಕೊಂಡು ಇದು ತಾನs ವಾಪಸ್ ಹೊಕ್ಕೈತಿ."

ಹದ್ದು ತಾನೇ ಎದ್ದಿತು, ಸುರಕ್ಷಿತ ಜಾಗದ ಕಡೆ ತಾನೇ ತಿರುಗಿತು. ಕಸ್ತೂರಿ ಬಾಗಿಲಿಗೆ ಹಣೆ ಚಚ್ಚಿಕೊಂಡಳು. ಕೆಳಗೆ ಹೊಳೆ, ಆಚೆ ಊರು. ಮಗ್ಗದ ಓಣಿಯ ನಡುವಿನಿಂದ ಹೊಗೆ ಏಳುತ್ತಿತ್ತು. ಮರದ ಹೊಗೆಯಲ್ಲ. ನೂಲಿನ ಹೊಗೆ ಬೇರೆ ಇರುತ್ತದೆ, ಬೆಳ್ಳಗೆ, ದಪ್ಪಗೆ. ಬಣ್ಣದ ನೂಲಿದ್ದರೆ ಅಂಚಿನಲ್ಲಿ ನೀಲಿ ಕಾಣುತ್ತದೆ. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಗುಡ್ಡದ ಮೇಲೆ ಇಳಿಸಿದಾಗ ಅವಳು ಗೋಡೆಯ ಮುಂದೆ ಓಡಿದಳು. ಸಾವಂತ್ರಿಯ ದೀಪ ಇನ್ನೂ ಹಸಿರೇ ಇತ್ತು. ಕಸ್ತೂರಿ ಅದರ ಮೇಲೆ ಅಂಗೈ ಇಟ್ಟಳು. ಮೇಡಂ ಅವಳ ಹಿಂದೆ ಬಂದು ನಿಂತಳು. ಸ್ವಲ್ಪ ಹೊತ್ತಿಗೆ ಅಂಗೈ ಕೆಳಗೆ ಹಸಿರು ಹೋಗಿ ಬೂದು ಬಂತು. ಪಕ್ಕದಲ್ಲಿ ಅಕ್ಷರಗಳು ಮೂಡಿದವು: ಬಳೆ ಕೆಟ್ಟಿದೆ, ಬದಲಿಸಿ.

*

ತಿಪ್ಪವ್ವ ಬದುಕಿದ್ದಳು. ಅಂಗಳದಲ್ಲಿ ತಲೆಗೆ ಏಟು ಬಿದ್ದು ಎಚ್ಚರ ತಪ್ಪಿದವಳನ್ನು ಭೀಮವ್ವ ಗಟಾರಿನ ಕಡೆ ಎಳೆದು ಹಾಕಿದ್ದಳು. ಎಚ್ಚರವಾದಾಗ ಮೊದಲು ಕೇಳಿದ್ದು, "ಚಿಲಕ ತಗದ್ರೇನು?"

ತೆಗೆದಿರಲಿಲ್ಲ. ಖೋಲಿ ಇದೆಯೆಂದು ಗುಂಪಿಗೂ ತಿಳಿಯಲಿಲ್ಲ, ಬೆಂಕಿ ಆರಿಸಲು ಬಂದವರಿಗೂ ತಿಳಿಯಲಿಲ್ಲ. ತಿಪ್ಪವ್ವ ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಳು.

ಸಂಗಪ್ಪ ಊರಿಗೆ ಬಂದು, ಮಣ್ಣು ಮಾಡಿ, ಅವ್ವನ ಮುಖ ನೋಡದೆ ಹೊರಟುಹೋದ. ಓಣಿಯ ಬೇರೆ ಮನೆಗಳಲ್ಲಿ ಆ ಮಧ್ಯಾಹ್ನ ಏನೇನಾಯಿತು ಎಂದು ಹೆಂಗಸರು ಯಾರಿಗೂ ಹೇಳಲಿಲ್ಲ. ಹೇಳಲು ಹೋದವರಿಗೆ ಏನಾಯಿತೆಂದು ನೋಡಿದ ಮೇಲೆ ಯಾರು ಹೇಳುತ್ತಾರೆ?

ವಿಚಾರಣೆಗೆಂದು ಬೆಂಗಳೂರಿನಿಂದ ಬಂದವರು ಜಿಲ್ಲಾ ಭವನದ ತಣ್ಣನೆಯ ಕೋಣೆಯಲ್ಲಿ ಕೂತರು. ಭೀಮವ್ವ ಹೋಗಿ ನಿಂತಳು. ಅವರು ಪರದೆಯ ಮೇಲೆ ಅವಳ ಆ ದಿನದ ಗೆರೆ ತೋರಿಸಿದರು. "ನೋಡಮ್ಮ, ನೀವು ಆ ಹೊತ್ತಿನಲ್ಲಿ ಸಹಜ ಸ್ಥಿತಿಯಲ್ಲಿದ್ರಿ. ಭಯ ಆಗಿದ್ದಕ್ಕೆ ದಾಖಲೆ ಇಲ್ಲ."

"ಸಹಜ ಅಂದ್ರ?"

"ಅಂದ್ರೆ ದಿನಾ ಇರೋ ಹಾಗೆ."

"ಹೌದ್ರಿ" ಎಂದಳು ಭೀಮವ್ವ. "ದಿನಾ ಇರೂಹಂಗನs ಇದ್ನಿ." ಅಷ್ಟೇ ಹೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು.

ಮೃಣಾಲಿನಿ ಮೇಡಂ ಒಳಗೆ ಹೋಗಿ ಎಲ್ಲವನ್ನೂ ಹೇಳಿದಳು. ಪಳಗಿಸಿದ್ದು, ಸುತ್ತೋಲೆ, ತಾನು ಬರೆದದ್ದು, ಮತ್ತೆ ಬರೆಯದೇ ಬಿಟ್ಟದ್ದು. ವಾರದೊಳಗೆ ಅವಳಿಗೆ ಬೇರೆ ಕಡೆ ವರ್ಗವಾಯಿತು. ಕೆಲಸದ ಜಾಗ ಬಿಟ್ಟು ಹೋದದ್ದಕ್ಕೆ ಕಸ್ತೂರಿಯ ನೌಕರಿ ಹೋಯಿತು. ವರದಿ ಬಂತು. ಕಾಯ್ದೆಯ ಪ್ರಕಾರ ಬಳೆ ಕರೆದೂ ರಕ್ಷಣೆ ಬಾರದಿದ್ದರೆ ಸರಕಾರ ಹೊಣೆ. ಮಗ್ಗದ ಓಣಿಯಿಂದ ಆ ದಿನ ಒಂದೂ ಕರೆ ಬಂದಿಲ್ಲವಾದ್ದರಿಂದ ಹೊಣೆಯ ಪ್ರಶ್ನೆ ಏಳುವುದಿಲ್ಲ. ಮೃತ ಸಾವಂತ್ರಿಯ ಬಳೆ ಕೊನೆಯವರೆಗೂ ಹಸಿರಾಗಿಯೇ ಇದ್ದು, ಆಕೆ ಭಯವಿಲ್ಲದೆ ತೀರಿಕೊಂಡಿರುತ್ತಾರೆ.

ಭಯವಿಲ್ಲದೆ. ಮುಚ್ಚಿದ ಕತ್ತಲೆಯಲ್ಲಿ, ಸಾವಂತ್ರಿ, ಭಯವಿಲ್ಲದೆ.

*

ಒಂದು ಮುಂಜಾನೆ ಬೆನ್ನಿಗೆ ಚೀಲ ಹಾಕಿಕೊಂಡ ರಿಪೇರಿಯವನು ಸುಟ್ಟ ಮನೆಯ ಮುಂದೆ ನಿಂತು ಹೆಸರು ಕೂಗಿದ. "ಸಾವಂತ್ರಿ ಸಂಗಪ್ಪ ಅನ್ನೋರು ಯಾರ್ರಿ? ಬಳಿ ಕೆಟ್ಟೈತಂತ ಬಂದಿತ್ತು. ಹೊಸಾದು ತಂದೇನಿ."

ಕಸ್ತೂರಿಗೆ ಅವನ ಕತ್ತು ಹಿಡಿಯಬೇಕೆನಿಸಿತು. ಅವಳು ಏಳುವಷ್ಟರಲ್ಲಿ ತಿಪ್ಪವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಿದ್ದಳು.

"ನಾನ ಸಾವಂತ್ರಿ. ಕೊಡಪಾ" ಎಂದಳು.

ಅವನು ಮುದುಕಿಯ ಮುಖ ನೋಡಿದ, ಅವಳ ಹಿಂದಿನ ಮನೆ ನೋಡಿದ. ಏನನ್ನೂ ಕೇಳದೆ ಅವಳ ಮಣಿಕಟ್ಟಿಗೆ ಹಾಕಿ, ತಲೆ ತಗ್ಗಿಸಿಕೊಂಡು ಹೋದ. ಗಂಡ ಸತ್ತ ದಿನದಿಂದ ಬರಿದಾಗಿದ್ದ ಕೈ ಅದು.

"ಯವ್ವಾ, ಏನ್ ಮಾಡಾಕತ್ತೀ?"

"ಇದಕ್ಕ ಒಂದು ತಿಂಗಳ ಏನ್ ಕಲಸಬೇಕು ಹೇಳು. ನಿನಗ ಗೊತ್ತೈತಿ."

ಅವ್ವನೊಂದಿಗೆ ಕಸ್ತೂರಿಗೆ ಮಾತೇ ಬೇಡವಾಗಿತ್ತು. ಆದರೂ ಹೇಳಿದಳು. "ಮನಸ್ಸು ತಣ್ಣಗಿರಬೇಕು. ಅಳಬಾರ್ದು. ನೆನಸ್ಕೋಬಾರ್ದು."

ತಿಪ್ಪವ್ವ ದೂರದ ಊರಿಗೆ, ತಂಗಿಯ ಮನೆಗೆ ಹೋದಳು. ಅಲ್ಲಿ ತಂಗಿಯ ಮೊಮ್ಮಗಳು ಹಡೆದಿದ್ದಳು. ತಿಂಗಳಿಡೀ ಬೆಳಗು ಸಂಜೆ ಕೂಸಿಗೆ ಎಣ್ಣೆ ತಿಕ್ಕಿ, ಕಾಲು ಚಾಚಿ ಮಲಗಿಸಿಕೊಂಡು ನೀರು ಹಾಕಿದಳು. ಕೂಸಿನ ಮೈ ಮೇಲೆ ಕೈಯಿಟ್ಟಾಗ ಎಂಥವರ ಎದೆಯೂ ನಿಧಾನವಾಗುತ್ತದೆ. ರಾತ್ರಿಯ ಅಳುವನ್ನು ಹೇಗೆ ತಡೆದಳೋ ಅವಳಿಗೇ ಗೊತ್ತು. ಬಳೆ ಕಲಿಯಿತು: ಈ ಸಾವಂತ್ರಿ ಎಂಬವಳ ಸಾದಾ ದಿನ ಎಂದರೆ ಬಿಸಿನೀರು, ಎಣ್ಣೆ, ಕೂಸಿನ ನಿದ್ದೆ.

ಆಮೇಲೆ ಅವಳು ಊರಿಗೆ ಬಂದಳು. ದೀಪ ಹಚ್ಚುವ ಹೊತ್ತಿಗೆ ನೂಲಿನ ಖೋಲಿ ಇದ್ದಲ್ಲಿಗೆ ಹೋದಳು. ಕಪ್ಪಾದ ಮೂರು ಗೋಡೆ ನಿಂತಿದ್ದವು. ಮೇಲೆ ಮಾಳಿಗೆಯಿಲ್ಲ, ಮುಂದೆ ಬಾಗಿಲಿಲ್ಲ. ಒಳಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು ಕಣ್ಣು ಮುಚ್ಚಿದಳು. ತಿಂಗಳಿಡೀ ಹಿಡಿದಿಟ್ಟದ್ದನ್ನು ಬಿಟ್ಟಳು.

ಬಳೆ ಕಿರುಚಿತು. ಗುಡ್ಡದ ಮೇಲೆ, ಗೋಡೆಯಲ್ಲಿ, ಸಾವಂತ್ರಿ ಸಂಗಪ್ಪ ಎಂಬ ಹೆಸರು ಕೆಂಪಾಯಿತು.

ಓಣಿಯವರೆಲ್ಲ ಹೊರಗೆ ಬಂದು ನಿಂತರು. ಭೀಮವ್ವ ಬಂದಳು, ಕೂಸನ್ನೆತ್ತಿಕೊಂಡು ರೇಣವ್ವ ಬಂದಳು. ಹದ್ದು ಅಂಗಳದಲ್ಲಿ ಬೂದಿ ಎಬ್ಬಿಸುತ್ತ ಇಳಿಯಿತು. ಇಳಿದವರಲ್ಲಿ ಒಬ್ಬಳು ಚಿಕ್ಕ ವಯಸ್ಸಿನವಳು. ಸೇತುವೆಯ ಮೇಲೆ ಕಸ್ತೂರಿಗೆ ಕಂಬಳಿ ಹೊದಿಸಿದ್ದವಳು. ಕಸ್ತೂರಿಯ ಗುರುತು ಸಿಕ್ಕಿ ಅವಳ ಕಾಲು ಅಲ್ಲೇ ನಿಂತಿತು. ಕೈಯಲ್ಲಿನ ಯಂತ್ರದಲ್ಲಿ ಹೆಸರು ಓದಿಕೊಂಡಳು.

"ಸಾವಂತ್ರಿ... ಯಾರ್ರಿ ಇಲ್ಲಿ?" ಎಂದಳು. ದನಿ ಸಣ್ಣದಾಗಿತ್ತು.

"ಒಳಗ ಅದಾಳವ್ವಾ" ಎಂದಳು ತಿಪ್ಪವ್ವ, ಕಣ್ಣು ತೆರೆಯದೆ. "ಕರದಾಳ. ಈಗ ಕರದಾಳಲ್ಲ? ಚಿಲಕ ತಗಿ."

ಹುಡುಗಿ ಬಾಗಿಲಿರಬೇಕಾದ ಕಡೆ ನೋಡಿದಳು. ಅಲ್ಲಿ ಸಂಜೆಯ ಬೆಳಕಿತ್ತು, ಅಷ್ಟೆ. ಕಸ್ತೂರಿಯ ಕಡೆ ನೋಡಿದಳು.

ಆಗ ಆ ಹುಡುಗಿ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ನಿಧಾನಕ್ಕೆ ಮುಂದೆ ಬಂದು, ಬರಿ ಗಾಳಿಯಲ್ಲಿ ಕೈ ಚಾಚಿ, ಬೆರಳು ಮಡಚಿ, ಇಲ್ಲದ ಚಿಲಕವನ್ನು ಹಿಡಿದು ಸರಿಸಿದಳು.

"ಗಟ್ಟಿ ಜಗ್ಗವ್ವಾ" ಎಂದಳು ತಿಪ್ಪವ್ವ ಒಳಗಿನಿಂದ. "ಭಾಳ ಬಿಗಿ ಐತಿ. ನಾನ ಹಾಕೇನಿ."